ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ

"ನೀರು ಕುದಿಸಿ ಕುಡಿದರೆ ಸಾಕು, ಯಾವ ವಿಷವೂ ಉಳಿಯಲ್ಲ" ಅನ್ನುವ ಮಾತು ಹರಿದಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳು ನೀರು ಚೆನ್ನಾಗಿ ಕುದಿದರೆ ಸಾಯುತ್ತವೆ. ಹಾಗಾಗಿ ಕುದಿಸುವುದನ್ನು ಬಿಡಬೇಡಿ. ಆದರೆ ಆರ್ಸೆನಿಕ್, ಫ್ಲೋರೈಡ್, ನೈಟ್ರೇಟ್ ನೀರಿನಲ್ಲಿ ಕರಗಿರುವ ರಾಸಾಯನಿಕಗಳು, ಶಾಖಕ್ಕೆ ಸಾಯುವ ಜೀವಿಗಳಲ್ಲ ಅಲ್ವಾ? ನೀರು ಆವಿಯಾಗುತ್ತದೆ, ಅವು ಪಾತ್ರೆಯಲ್ಲೇ ಉಳಿಯುತ್ತವೆ. ಜಾಸ್ತಿ ಹೊತ್ತು ಕುದಿಸಿದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಏರುತ್ತದೆ.

ನೀರು ತಿಳಿಯಾಗಿದೆ ಅಂತ ಸುಮ್ನೆ ನಂಬುವುದೂ ಅಪಾಯ. ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬಾಂಗ್ಲಾದೇಶದಲ್ಲಿ ಆಗಿದ್ದು ಇದೇ. ಕೊಳಕು ಕೆರೆ ನೀರಿನಿಂದ ಬರುವ ಭೇದಿಯಿಂದ ಮಕ್ಕಳನ್ನು ಉಳಿಸಲು 1970ರ ದಶಕದಲ್ಲಿ ಊರೂರಲ್ಲಿ ಕೊಳವೆಬಾವಿ ಕೊರೆದರು. ಅವುಗಳಲ್ಲಿ ಆರ್ಸೆನಿಕ್ ಇರುವುದು ಗೊತ್ತಾಗಿದ್ದು 1993ರಲ್ಲಿ. ಅಷ್ಟರಲ್ಲಿ ಪಾಪ, ಜನ ವರ್ಷಗಟ್ಟಲೆ ಅದನ್ನೇ ಕುಡಿದಾಗಿತ್ತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಬಾಂಗ್ಲಾದೇಶ ಸರ್ಕಾರದ ಮಿತಿ 50. ಅದೇ ನೀರು ಗದ್ದೆಗೆ ಹರಿದರೆ ಭತ್ತವೂ ಹೀರಿಕೊಳ್ಳುತ್ತದೆ.

ಬಟ್ಟೆಯಲ್ಲಿ ಸೋಸಿದರೂ, ಕ್ಲೋರಿನ್ ಹಾಕಿದರೂ ಆರ್ಸೆನಿಕ್ ಹೋಗುವುದಿಲ್ಲ. ಬಾವಿ ನೀರನ್ನು ಪರೀಕ್ಷೆ ಮಾಡಿಸಲೇಬೇಕು. ಆರ್ಸೆನಿಕ್ ಮಿತಿ ಮೀರಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ಬೇಕು. ಬಟ್ಟೆ ಒಗೆಯಲು ಅದನ್ನೇ ಬಳಸಬಹುದು.