ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಹೇಳಿಬಿಡಬೇಡಿ

ವರ್ಷಗಟ್ಟಲೆ ಯಾರ ಹತ್ತಿರವೂ ಏನೂ ಹೇಳಿಕೊಳ್ಳದೆ ಇದ್ದವರು, ಒಂದು ದಿನ ಯಾರೋ ಪ್ರೀತಿಯಿಂದ "ಎಂತಾಯ್ತು, ಮುಖ ಸಪ್ಪೆ ಉಂಟಲ್ಲ?" ಎಂದು ಕೇಳಿದ್ದೇ ತಡ, ಒಳಗಿದ್ದದ್ದನ್ನೆಲ್ಲ ಸುರಿದುಬಿಡುತ್ತಾರೆ. ಮರುದಿನ ಅದೇ ವ್ಯಕ್ತಿಯ ಮುಖ ನೋಡಲು ನಾಚಿಕೆ. ವಾರದೊಳಗೆ ಮಾತು ಕಡಿಮೆ. ಹಾಗೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು ಬಹಳ ಕಷ್ಟ. ಕೇಳಿದವರು ಇಲ್ಲಿ ದ್ರೋಹ ಮಾಡಿರುವುದಿಲ್ಲ. ಒಂದೇ ಸಲ ಹೊರಿಸಿದ ಭಾರ ಇಬ್ಬರಿಗೂ ತಡೆಯಲಿಲ್ಲ, ಅಷ್ಟೆ.

ನಮ್ಮ ಕಾಸರಗೋಡು ಜಿಲ್ಲೆಯ ಬಾಯಾರು, ಪಡ್ರೆ ಕಡೆ ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು ನೀರು ತಂದವರ ಕ್ರಮ ನೋಡಿ. ಒಬ್ಬ ಮನುಷ್ಯ ಪಿಕ್ಕಾಸು ಬೀಸುವಷ್ಟೇ ಅಗಲ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ. ಒಳಗೆ ದೀಪವೋ ಮೇಣದಬತ್ತಿಯೋ ಉರಿಯುತ್ತಿರಬೇಕು. ಉರಿ ಕುಂದಿತೆಂದರೆ ಗಾಳಿ ಸಾಲದು, ಹೊರಗೆ ಬರಬೇಕು. ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಇರುವಲ್ಲಿ ಗೋಡೆ ತಾನೇ ನಿಲ್ಲುತ್ತದೆ, ಮೆತ್ತಗಿನ ಶೇಡಿ ಮಣ್ಣು ಸಿಕ್ಕಿದಲ್ಲಿ ಕುಸಿಯುವ ಭಯ. ನೀರಿನ ಸೆಲೆ ಸಿಕ್ಕಿದ ಮೇಲೆ ಪಂಪು ಬೇಡ, ತಾನಾಗಿ ಹರಿದು ಬರುತ್ತದೆ. ಮುಚ್ಚಿಕೊಂಡ ಮನಸ್ಸಿಗೂ ಇದೇ ಕ್ರಮ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲಾರಿ ತಂದು ನಿಲ್ಲಿಸಿ ರಾತ್ರಿ ಬೆಳಗಾಗುವುದರೊಳಗೆ ಬೋರ್‌ವೆಲ್ ಇಳಿಸುವ ಹಾಗೆ ಇದನ್ನು ಮಾಡಲಿಕ್ಕಾಗುವುದಿಲ್ಲ.

1997ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗವಿದೆ. ಅಪರಿಚಿತರನ್ನು ಜೋಡಿ ಮಾಡಿ ಕೂರಿಸಿ, 36 ಪ್ರಶ್ನೆಗಳನ್ನು ಮೂರು ಕಂತುಗಳಲ್ಲಿ ಕೊಟ್ಟರು. ಮೊದಲು ಹಗುರದವು, ಆಮೇಲೆ ಆಳದವು. ಇಬ್ಬರೂ ಸರದಿಯಂತೆ ಉತ್ತರಿಸಬೇಕು. ಸುಮಾರು 45 ನಿಮಿಷದಲ್ಲಿ, ಬರೀ ಲೋಕಾಭಿರಾಮ ಮಾತಾಡಿದವರಿಗಿಂತ ಇವರಲ್ಲಿ ಹೆಚ್ಚು ಆಪ್ತತೆ ಹುಟ್ಟಿತು. "36 ಪ್ರಶ್ನೆ ಕೇಳಿದರೆ ಪ್ರೀತಿ ಹುಟ್ಟುತ್ತದೆ" ಎಂದು ಇದನ್ನು ಹಂಚಿಕೊಳ್ಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ನಿಷ್ಠೆ, ಬದ್ಧತೆಗಳು ಈ ಕ್ರಮದಿಂದ ಹುಟ್ಟುವ ಸಾಧ್ಯತೆ ಕಡಿಮೆ, ಅದಕ್ಕೆ ಹೆಚ್ಚು ಕಾಲ ಬೇಕಾದೀತು ಎಂದು ಆ ಸಂಶೋಧಕರೇ ಬರೆದಿದ್ದರು. ಆಪ್ತವೆನಿಸುವುದು ಬೇರೆ, ನಂಬಿಕೆ ಬೇರೆ. ಬಸ್ಸಿನಲ್ಲಿ ಮಂಜೇಶ್ವರದಿಂದ ಕಾಸರಗೋಡಿಗೆ ತಲುಪುವುದರೊಳಗೆ ಒಬ್ಬರು ಆಪ್ತರೆನಿಸಬಹುದು. ಅವರು ನಂಬಿಕಸ್ಥರೋ ಎಂದು ತಿಳಿಯಲು ಅಷ್ಟು ಸಾಲದು. 2018ರಲ್ಲಿ ಜೆಫ್ರಿ ಹಾಲ್ ಎಂಬ ಅಮೆರಿಕದ ಸಂಶೋಧಕರ ಅಧ್ಯಯನದಲ್ಲಿ, ಪರಿಚಯ ಆಪ್ತಸ್ನೇಹವಾಗಲು 200 ಗಂಟೆಗಿಂತ ಹೆಚ್ಚಿನ ಒಡನಾಟ ಬೇಕಾಗಿತ್ತು. ವಾರಕ್ಕೆ ನಾಲ್ಕು ಗಂಟೆಯ ಲೆಕ್ಕ ಹಿಡಿದರೆ ಹತ್ತಿರ ಹತ್ತಿರ ಒಂದು ವರ್ಷ.

ಹಾಗಾದರೆ ಎಲ್ಲಿಂದ ಶುರು? ಬಾಯಿ ತೆರೆಯುವ ಮೊದಲು ಕಿವಿ ತೆರೆಯಿರಿ. ಆ ವ್ಯಕ್ತಿ ಬೇರೆಯವರ ಗುಟ್ಟನ್ನು ಏನು ಮಾಡುತ್ತಾರೆ? "ನಿನ್ನತ್ರ ಮಾತ್ರ ಹೇಳುದು, ಯಾರತ್ರವೂ ಹೇಳ್ಬೇಡ" ಎನ್ನುತ್ತ ಮೂರನೆಯವರ ಮನೆಯ ಸಂಗತಿ ತಂದರೆ, ನಿಮ್ಮದೂ ಅದೇ ದಾರಿಯಲ್ಲಿ ಹೋಗುತ್ತದೆ. ಇದಕ್ಕಿಂತ ಸ್ಪಷ್ಟವಾದ ಗುರುತು ಇಲ್ಲ. ಆದರೂ ಹೆಚ್ಚಿನವರು ಇದನ್ನು ಸಲಿಗೆ ಎಂದು ತಪ್ಪು ತಿಳಿಯುತ್ತಾರೆ.

ಆಮೇಲೆ ಒಂದು ಸಣ್ಣ ನಿಜ ಹೇಳಿ. ಊರಿಗೆ ಗೊತ್ತಾದರೂ ಮುಜುಗರವಷ್ಟೇ ಆಗುವಂಥದ್ದು: ಇಂಟರ್‌ವ್ಯೂನಲ್ಲಿ ಸೋತದ್ದು, ಅಣ್ಣನ ಜೊತೆ ಮುನಿಸು. ಹೇಳಿ ಸುಮ್ಮನಿರಿ. ಒಂದು ಮದುವೆ, ಒಂದು ದೈವದ ನೇಮ ಕಳೆಯಲಿ, ಯಾಕೆಂದರೆ ನಮ್ಮಲ್ಲಿ ಮಾತು ಸೋರುವುದೇ ಅಂಥ ಕಡೆ, ಊಟದ ಪಂಕ್ತಿಯಲ್ಲಿ. ಯಾವ ಕಡೆಯಿಂದಲೂ ಅದು ನಿಮ್ಮ ಕಿವಿಗೆ ತಿರುಗಿ ಬರದಿದ್ದರೆ ಇನ್ನೊಂದು ಮೆಟ್ಟಿಲು. ಪರೀಕ್ಷಿಸಲೆಂದು ಸುಳ್ಳು ಕಥೆ ಕಟ್ಟಿ ಹೇಳುವವರಿದ್ದಾರೆ. ಅದು ಬೇಡವೇ ಬೇಡ. ಅದು ಗೊತ್ತಾದ ದಿನ ನಂಬಿಕೆ ಕೆಡಿಸಿದವರು ನೀವೇ ಆಗುತ್ತೀರಿ. ಸೋರಿತೋ ಇಲ್ಲವೋ ಎಂಬುದರ ಜೊತೆಗೆ ಇನ್ನೊಂದನ್ನೂ ಗಮನಿಸಿ: ಅವರೂ ತಮ್ಮದೊಂದು ಮಾತನ್ನು ನಿಮ್ಮ ಕೈಯಲ್ಲಿಟ್ಟರೇ? ತಿಂಗಳುಗಟ್ಟಲೆ ಒಬ್ಬರೇ ಹೇಳಿ ಇನ್ನೊಬ್ಬರು ಬರೀ ಕೇಳುತ್ತಿದ್ದರೆ ಸ್ನೇಹದ ತಕ್ಕಡಿ ವಾಲುತ್ತದೆ.

ದೊಡ್ಡ ಸಂಗತಿಯ ಸರದಿ ಬಂದಾಗ, ಹೇಳುವ ಮುಂಚೆಯೇ ಎರಡು ಮಾತು ಖಚಿತ ಮಾಡಿಕೊಳ್ಳಿ. ಒಂದು, "ಸಲಹೆ ಬೇಡ, ಕೇಳಿದರೆ ಸಾಕು." ಎರಡನೆಯದು ಇನ್ನೂ ಮುಖ್ಯ: "ಮನೆಯವರ ಹತ್ತಿರವೂ ಹೇಳುವುದು ಬೇಡ." ಗಂಡನಿಗೆ ಅಥವಾ ಹೆಂಡತಿಗೆ ಹೇಳುವುದು ಹೊರಗೆ ಹೇಳಿದಂತಲ್ಲ ಎಂಬ ಲೆಕ್ಕ ನಮ್ಮಲ್ಲಿ ಬಹಳ ಜನರದ್ದು. ನಿಮ್ಮ ಗೆಳತಿ ತಾನು ಮಾತು ಉಳಿಸಿಕೊಂಡೆ ಎಂದೇ ನಂಬಿರುತ್ತಾಳೆ. ಅವಳ ಗಂಡ ನಿಮ್ಮ ಚಿಕ್ಕಪ್ಪನ ಜೊತೆ ಅಡಿಕೆ ಮಾರಲು ಹೋಗುವವನು. ನಾಲ್ಕು ಮನೆಗೆ ಎಂಟು ನೆಂಟಸ್ತಿಕೆ ಇರುವ ಊರಿನಲ್ಲಿ ಗುಟ್ಟು ಒಡೆಯುವುದು ಕೆಟ್ಟ ಬುದ್ಧಿಯಿಂದಲ್ಲ, ಹೆಚ್ಚಾಗಿ ಹೀಗೆಯೇ.

ಜಾಗವೂ ಮುಖ್ಯ. ಅಡಿಕೆ ಸುಲಿಯುವ ಜಗಲಿ ಬೇಡ. ಕುಡಿದ ಹೊತ್ತು ಬೇಡ. ವಾಯ್ಸ್ ಮೆಸೇಜ್ ಅಂತೂ ಖಂಡಿತ ಬೇಡ, ಒಂದು ಬೆರಳು ತಾಗಿದರೆ ಫ್ಯಾಮಿಲಿ ಗ್ರೂಪಿಗೆ ಹೋಗಿಬಿಡುತ್ತದೆ. ತೋಟದಲ್ಲೋ ಗುಡ್ಡೆಯ ದಾರಿಯಲ್ಲೋ ಅಕ್ಕಪಕ್ಕ ನಡೆಯುತ್ತ ಮಾತಾಡುವುದು ಸುಲಭ, ಕಣ್ಣಿಗೆ ಕಣ್ಣು ಕೊಡಬೇಕೆಂಬ ಒತ್ತಡವಿರುವುದಿಲ್ಲ. ಅರ್ಧ ಗಂಟೆ ಸಾಕು. ನಡುವೆ ನಿಮ್ಮ ದೀಪ ನೋಡಿಕೊಳ್ಳಿ: ಗಂಟಲು ಕಟ್ಟಿತೇ, ನಗಬಾರದ ಕಡೆ ನಗು ಬರುತ್ತಿದೆಯೇ, ಅವರ ಮುಖ ನೋಡಿ ಮುಂದಿನ ವಾಕ್ಯ ಬದಲಿಸುತ್ತಿದ್ದೀರೇ? ಹಾಗಾದರೆ "ಇವತ್ತಿಗೆ ಇಷ್ಟು ಸಾಕು" ಎಂದು ನಿಲ್ಲಿಸಿ. ಮರುದಿನ "ಹೇಳಬಾರದಿತ್ತು" ಎನಿಸುವುದು ಸಾಮಾನ್ಯ. ಎರಡು ಮೂರು ದಿನ ಯಾವ ತೀರ್ಮಾನವೂ ಬೇಡ.

ಭಾಷೆಯ ಮಾತು ನಮ್ಮ ಜಿಲ್ಲೆಯಲ್ಲಿ ಬಿಡುವಂತಿಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಅಳು ಬರುವುದು ಮನೆಯ ಭಾಷೆಯಲ್ಲಿ. ಆಫೀಸಿನ ಭಾಷೆಯಲ್ಲಿ ಹೇಳಿದರೆ ನೋವು ಅರ್ಜಿಯ ಹಾಗೆ ಕೇಳಿಸುತ್ತದೆ, ಎದುರಿನವರಿಗೆ ಅದರ ತೂಕ ತಿಳಿಯುವುದಿಲ್ಲ. ಆರಿಸಲು ಸಾಧ್ಯವಿದ್ದರೆ ನಿಮ್ಮ ಮನೆಮಾತು ಬಲ್ಲವರನ್ನು ಆರಿಸಿ. ಊರಿನಲ್ಲಿ ಯಾರೂ ಬೇಡ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ, ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡವೂ ಉಂಟು. ವೈದ್ಯರ ಅಥವಾ ಮನಶ್ಶಾಸ್ತ್ರಜ್ಞರ ಬಳಿ ಹೋದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಗೌಪ್ಯತೆ ನಿಮ್ಮ ಹಕ್ಕು. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಮನಸ್ಸು ತೆರೆಯುವುದೆಂದರೆ ಫೋನಿನ ಪಾಸ್‌ವರ್ಡ್ ಕೊಡುವುದು ಎಂದು ಈಗಿನ ಹುಡುಗ ಹುಡುಗಿಯರ ತಲೆಯಲ್ಲಿ ಹೇಗೋ ಕೂತಿದೆ. "ನಂಬಿಕೆ ಇದ್ದರೆ ಕೊಡು" ಎನ್ನುವವರಲ್ಲಿ ಇರುವುದು ಸಂಶಯ. ಕೊಡಬೇಡಿ.

ನಂಬಿಕೆ ಕೆಟ್ಟಾಗಲೂ ಎರಡು ಬಗೆ ಉಂಟು, ಬೇರೆ ಬೇರೆಯಾಗಿ ನೋಡಬೇಕು. ಬಾಯಿ ತಪ್ಪಿ ಹೇಳಿ, ತಾವಾಗಿಯೇ ಬಂದು ಒಪ್ಪಿಕೊಂಡವರಿಗೆ ಒಂದು ಅವಕಾಶ ಕೊಡಬಹುದು. ಸಣ್ಣ ಮೆಟ್ಟಿಲಿನಿಂದ ಮತ್ತೆ ಶುರು. ಆದರೆ ನೀವು ನಂಬಿ ಹೇಳಿದ್ದನ್ನು ಜಗಳದ ನಡುವೆ, "ಅದಕ್ಕೇ ನಿನ್ನ ಅಪ್ಪ ಬಿಟ್ಟು ಹೋದದ್ದು" ಎಂಬ ಹಾಗೆ ನಿಮ್ಮ ಮೇಲೆಯೇ ಎಸೆದರೆ, ಅವರಿಗೆ ಆ ಗಾಯ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ಮುಂದಿನದು ಶೇಡಿ ಮಣ್ಣು. ಕೊರೆಯುವುದು ನಿಲ್ಲಿಸಿ. ಮಾತು ಬಿಡಬೇಕೆಂದೇನಿಲ್ಲ, ಒಳಗಿನದನ್ನು ಹೇಳುವುದು ಬಿಟ್ಟರಾಯಿತು.

ಇನ್ನು ಕೇಳುವವರಿಗೆ. "ಅಷ್ಟೆಯಾ?" ಎನ್ನಬೇಡಿ. ನಿಮ್ಮ ಕಥೆ ತೆಗೆಯಬೇಡಿ. ಜ್ಯೋತಿಷಿಯ ನಂಬರ್ ಹುಡುಕಬೇಡಿ. ಅವರು ಹೇಳಿದ ಪದವನ್ನೇ ಹಿಡಿದು ಒಂದು ಪ್ರಶ್ನೆ ಕೇಳಿದರೆ ಸಾಕು. ಮರುದಿನ ಒಂದು ಮೆಸೇಜು ಹಾಕಿ, "ಚಾ ಆಯ್ತಾ? ಸಂಜೆ ಸಿಗುವನಾ?" ಎಂದಷ್ಟೇ. ನಿನ್ನೆಯ ಸಂಗತಿಯ ಒಂದು ಅಕ್ಷರವೂ ಅದರಲ್ಲಿ ಬೇಡ, ಅವರ ಫೋನು ಆ ಹೊತ್ತಿಗೆ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ.