ಒಂದೇ ಕಣ್ಣು ಸಾಕಂತೆ

ರಾತ್ರಿ ಹನ್ನೊಂದೂವರೆಗೆ ಫೋನ್ ಟಿಣ್ ಅಂತು. "ಇನ್ನೂ ಇದೆಯಾ?" ಇದೆ ಅಂದೆ. ಅಷ್ಟೇ, ಆಸಾಮಿ ನಾಪತ್ತೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಹಳೇ ಸೋಫಾ ಮಾರಿದವರಿಗೂ ಈ ಕಾಟ ಗೊತ್ತು. ನಾನು ಮಾರೋಕೆ ಹೊರಟಿರುವುದು ಇಡೀ ಕಾರನ್ನು, ಬಿಡಿಬಿಡಿಯಾಗಿ.

1992ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಸ್ವಿಚ್ ಒತ್ತಿದರೆ ಬಾನೆಟ್ಟಿನಿಂದ ಎದ್ದು ಕೂರುವ ಹೆಡ್‌ಲೈಟು. 1998ರಲ್ಲಿ ಬಂದ ಎರಡನೇ ಮಾದರಿಯಲ್ಲಿ ಆ ಲೈಟನ್ನೇ ತೆಗೆದುಹಾಕಿದರು. ಮನೆ ಮುಂದೆ ನಿಲ್ಲಿಸಿದ್ದಾಗ ಪಿಕಪ್ ಟ್ರಕ್ಕೊಂದು ಹಿಂದಿನಿಂದ ಬಂದು ಗುದ್ದಿತು. ರಿಪೇರಿ ಖರ್ಚು ಕಾರಿನ ಬೆಲೆಗಿಂತ ಜಾಸ್ತಿ ಅಂತ ಇನ್ಶೂರೆನ್ಸಿನವರು ಗುಜರಿ ಬೆಲೆ ಹಿಡಿದುಕೊಂಡು, ಉಳಿದ ದುಡ್ಡನ್ನೂ ಕಾರನ್ನೂ ನನಗೇ ಕೊಟ್ಟರು.

ಬಂದವರಿಗೆಲ್ಲ ಬೇಕಿರುವುದು ಬಟ್ಟೆಯದರ ಬದಲು ಕೂರಿಸುವ ಗಟ್ಟಿ ಟಾಪು. ಅದೊಂದೇ ಸಾವಿರ ಡಾಲರ್ ದಾಟುತ್ತದೆ. ನನ್ನ ಹತ್ತಿರ ಅದಿಲ್ಲ, ಇಲ್ಲ ಅಂತ ಜಾಹೀರಾತಿನ ಮೊದಲ ಸಾಲಲ್ಲೇ ಬರೆದಿದ್ದೇನೆ. ಓದೋರು ಯಾರು!

ಭಾನುವಾರ ಬೆಳಿಗ್ಗೆ ಒಬ್ಬರು ಬಂದರು. "ನಮ್ಮೋರೇ ಅಲ್ವಾ! ಯಾವೂರು ಸಾರ್?" ತಿಪಟೂರು ಅಂದೆ. ಅವರ ಅತ್ತಿಗೆ ತವರೂ ತಿಪಟೂರಂತೆ. ಇನ್ನು ರೇಟು ನಿಲ್ಲಲ್ಲ ಅಂತ ಆಗಲೇ ಗೊತ್ತಾಯಿತು. ಲೈಟಿನ ಜೋಡಿಗೆ 120 ಡಾಲರ್ ಅಂದರೆ, "ಎಡಗಡೆದು ಒಂದು ಸಾಕು ಸಾರ್" ಅಂದರು. ಕೆಲಸ ಮಾಡುತ್ತಾ ತೋರಿಸಬೇಕಂತೆ. ಮೋಟಾರಿನ ಮೇಲಿನ ರಬ್ಬರ್ ಮುಚ್ಚಳ ತೆಗೆದರೆ ಒಂದು ತಿರುಪು ಇದೆ, ಕೈಯಲ್ಲೇ ತಿರುಗಿಸಿ ಲೈಟು ಎತ್ತಬಹುದು. ಎತ್ತಿ ತೋರಿಸಿದೆ.

"ಕೈಯಲ್ಲಿ ಯಾರು ಬೇಕಾದ್ರೂ ಎತ್ತುತ್ತಾರೆ ಸಾರ್."

ಈ ಕಾರಿನ ಬ್ಯಾಟರಿ ಇರೋದು ಹಿಂದೆ ಡಿಕ್ಕಿಯಲ್ಲಿ. ಡಿಕ್ಕಿ ಹಪ್ಪಳವಾಗಿದೆ. ಹೆಂಡತಿಯ ವ್ಯಾನು ತಂದು, ಅವಳ ಮುಖ ನೋಡದೆ, ಅದರ ಬ್ಯಾಟರಿಯಿಂದ ವೈರು ಎಳೆದೆ. ಎಡಗಣ್ಣು ಎದ್ದಿತು. ಬಲಗಡೆ ವೈರು ಬಿಚ್ಚಿದ್ದರಿಂದ ಆ ಕಣ್ಣು ಮಲಗೇ ಇತ್ತು. ಮನುಷ್ಯ ಖುಷಿಯಾಗಿ ಮೈಸೂರಿಗೆ ವಿಡಿಯೋ ಕಾಲ್ ಮಾಡಿದರು. "ಅಮ್ಮಾ, ಕಾರು ಕಣ್ಣು ಹೊಡೀತಿದೆ ನೋಡು!" ಅಮ್ಮನಿಗೆ ಕಂಡದ್ದು ನುಜ್ಜುಗುಜ್ಜಾದ ಹಿಂಭಾಗ. ಅವರು ಅಳೋಕೆ ಶುರು. ಸಮಾಧಾನ ಮಾಡಲಿ ಅಂತ ಫೋನು ನನ್ನ ಕೈಗೆ ಬಂತು. "ಗುದ್ದಿದ್ದು ನಿಮ್ಮ ಕಾರಿಗಾ ಪುಟ್ಟಾ? ನಿಮಗೇನೂ ಆಗಿಲ್ವಲ್ಲ? ತಿಂಡಿ ಆಯ್ತಾ?"

ಇಷ್ಟಾದ ಮೇಲೆ ಹೇಗೆ ಚೌಕಾಸಿ ಮಾಡೋದು ಹೇಳಿ. 40 ಡಾಲರಿಗೆ ಲೈಟು ಹೋಯಿತು. ಗೇರ್ ನಾಬ್ ಸುಮ್ನೆ ನೆನಪಿಗೆ ಅಂತ ಅವರೇ ತಿರುಗಿಸಿ ತೆಗೆದುಕೊಂಡರು. ಅದರ ಮೇಲಿನ ಅಂಕಿಗಳು ನನ್ನ ಅಂಗೈ ತಾಗಿ ತಾಗಿ ಸವೆದಿದ್ದವು. ಅಕ್ಟೋಬರ್ ಚಳಿಯಲ್ಲಿ ಟಾಪು ಇಳಿಸಿ, ಕಾಲಿಗೆ ಹೀಟರ್ ಹಾಕಿಕೊಂಡು, ಡೆಲವೇರ್ ನದಿ ಪಕ್ಕದ ರೂಟ್ 29ರಲ್ಲಿ ಕೆಲಸವಿಲ್ಲದೆ ಹೋಗಿಬರುತ್ತಿದ್ದೆ. ಬೇಡ ಅನ್ನೋಣ ಅಂದುಕೊಂಡೆ. ಅಷ್ಟರಲ್ಲಿ ಅದು ಅವರ ಜೇಬು ಸೇರಿತ್ತು.

ಇವತ್ತು ಅವರದೇ ಮೆಸೇಜು: "ಸಾರ್, ನಿಮ್ಮ ಲೈಟು ಸೂಪರ್. ಬೇಗ ಏಳುತ್ತೆ. ಈಗ ನನ್ನ ಬಲಗಡೆದು ನಿಧಾನ ಅನ್ನಿಸ್ತಿದೆ. ಅದನ್ನೂ 40ಕ್ಕೇ ಕೊಡ್ತೀರಲ್ವಾ? ಅಮ್ಮ ನಿಮ್ಮನ್ನ ಕೇಳಿದ್ರು."