ಹೊಲದ ನಡುವಿನ ಕಾಲುದಾರಿ

ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟಗಳಲ್ಲಿ ಗುಂಪಾಗಿ ನಡೆದ ಬಗ್ಗೆ ನೀವು ಬರೆದದ್ದನ್ನು ಓದಿ ತುಂಬ ಖುಷಿಯಾಯಿತು. ಒಮ್ಮೆ ಏಪ್ರಿಲ್ ಕೊನೆಯಲ್ಲಿ ನಾವು ಹತ್ತು ಜನ ಟ್ರಿಂಗ್ ಸ್ಟೇಷನ್‌ನಲ್ಲಿ ಇಳಿದು, ಆಶ್ರಿಜ್ ಕಾಡಿನ ನೀಲಿ ಬ್ಲೂಬೆಲ್ ಹೂಗಳನ್ನು ನೋಡಿ, ಐವಿಂಗೋ ಬೀಕನ್ ಎಂಬ ಗುಡ್ಡ ಹತ್ತಿದ್ದೆವು.

ಬೇರೆಯವರ ಹೊಲದೊಳಗೆ ಹೇಗೆ ಬಿಡುತ್ತಾರೆ ಎಂದು ಕೇಳಿದ್ದೀರಿ ಅಲ್ವಾ? ಹೊಲ ಖಾಸಗಿಯಾದರೂ ಅದರೊಳಗೆ ಹಾದುಹೋಗುವ ಸಾರ್ವಜನಿಕ ಕಾಲುದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ದಾರಿಯಲ್ಲಿ ಹಳದಿ ಬಾಣದ ಗುರುತು ಕಂಡರೆ ಅದು ನಡೆಯುವವರಿಗೆ ಮಾತ್ರ. ನೀಲಿ ಇದ್ದರೆ ಕುದುರೆ, ಸೈಕಲ್ ಕೂಡ ಹೋಗಬಹುದು. ಗೇಟು ಹೇಗಿತ್ತೋ ಹಾಗೇ ಬಿಟ್ಟು ಮುಂದೆ ಹೋಗಬೇಕು. ತೆರೆದ ಗುಡ್ಡಗಳಲ್ಲಿ ಓಡಾಡುವ ಹಕ್ಕಂತೂ ಸುಮ್ನೆ ಸಿಕ್ಕಿದ್ದಲ್ಲ. ಅದಕ್ಕಾಗಿ 1932ರಲ್ಲಿ ಜನರಿಗೆ ಪ್ರವೇಶವಿಲ್ಲದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದವರಲ್ಲಿ ಐದು ಯುವಕರು ಜೈಲಿಗೆ ಹೋದರು. ಆ ಹಕ್ಕು ಕೊಡುವ ಕಾನೂನು ಬಂದದ್ದು 2000ದಲ್ಲಿ!

ಒಂದು ಕೋರಿಕೆ. ದಯವಿಟ್ಟು ಫೋಟೊಗಾಗಿ ಬ್ಲೂಬೆಲ್ ನಡುವೆ ಕಾಲಿಡಬೇಡಿ. ಎಲೆ ನಲುಗಿದರೆ ಗೆಡ್ಡೆಗೆ ಆಹಾರ ಸಿಗುವುದಿಲ್ಲ. ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ನಮ್ಮ ಗುಂಪಿನಲ್ಲೇ ಇಬ್ಬರು ಹೂಗಳ ಮಧ್ಯೆ ಇಳಿದುಬಿಟ್ಟರು, ನನಗೆ ತುಂಬ ಬೇಜಾರಾಯಿತು.

ಹಾಂ, ಬೀಕನ್ ಮೇಲೆ ಗಾಳಿ ಜಾಸ್ತಿ. ಬಿಸಿಲಿದ್ದರೂ ಜಾಕೆಟ್ ಇಟ್ಟುಕೊಳ್ಳಿ.